ಮೆಟ್ಟಿಲು ಬಾವಿಯೂ ನಾರುಹುಣ್ಣೂ

ಕೆರೆ ಬಾವಿಗಳನ್ನು ತೋಡಿಸುವುದು ನಮ್ಮ ನಾಡಿನಲ್ಲಿ ಪುಣ್ಯಕಾರ್ಯವೆಂದು ಗಣ್ಯವಾಗಿದ್ದಿತೆಂಬುದಕ್ಕೆ ಶಾಸನಗಳೇ ಸಾಕ್ಷಿ. ಹಗ್ಗವಿಲ್ಲದವರೂ ಸುಲಭವಾಗಿ ನೀರಿಗಿಳಿಯುವಂತೆ ಮೆಟ್ಟಿಲು ಕಟ್ಟಿದ ಬಾವಿಗಳೂ ಅಲ್ಲಲ್ಲಿ ನಿರ್ಮಾಣಗೊಂಡವು. ಲಕ್ಕುಂಡಿಯ ಮುಸುಕಿನ ಬಾವಿಯನ್ನು ಕಂಡವರು ಈ ಬಗೆಯ ರಚನೆಯ ಸೊಬಗನ್ನು ಬಲ್ಲರು. ಆದರೆ ಮೆಟ್ಟಿಲು ಬಾವಿಗಳ ಚರಿತ್ರೆಯನ್ನು ಶಿಲ್ಪದ ದೃಷ್ಟಿಯಿಂದಲೇ ಬರೆದರೆ ಅದು ಅರ್ಧ ಚರಿತ್ರೆಯಾದೀತು. ಅನೇಕ ಊರುಗಳಲ್ಲಿ ಆ ಮೆಟ್ಟಿಲೇ ನಾರುಹುಣ್ಣಿಗೆ ದಾರಿಯಾಯಿತೆಂಬುದು ಉಳಿದರ್ಧ.

ಸುಮಾರು ಒಂದು ಮೀಟರಿನವರೆಗೂ ಬೆಳೆಯಬಲ್ಲ ನಾರುಹುಳು ಸಾಮಾನ್ಯವಾಗಿ ರೋಗಿಯ ಕಾಲಿನಲ್ಲಿ ಬೊಕ್ಕೆಯೆಬ್ಬಿಸಿ ಹೊರಬರುತ್ತದೆ. ಆತನು ನೀರು ತರಲೆಂದೋ ಉರಿ ತಾಳಲಾರದೆಯೋ ಬಾವಿಗಿಳಿದಾಗ ಹುಳು ಅಸಂಖ್ಯ ಮರಿಗಳನ್ನು ನೀರಿಗೆ ಬಿಡುತ್ತದೆ. ಸೈಕ್ಲಾಪ್ಸ್ ಎಂಬ ಸೂಕ್ಷ್ಮ ಜಲಜೀವಿ ಅವನ್ನು ನುಂಗುತ್ತದೆ. ಆ ನೀರನ್ನು ಸೋಸದೆ ಕುಡಿದವರಲ್ಲಿ ಸುಮಾರು ಒಂದು ವರ್ಷದ ತರುವಾಯ ಹುಣ್ಣು ತಲೆದೋರುತ್ತದೆ. ನಡುವೆ ಇಷ್ಟು ಕಾಲ ಸಂದುಹೋಗುವುದರಿಂದ ಹುಣ್ಣಿಗೂ ಬಾವಿಗೂ ಇರುವ ಸಂಬಂಧ ಜನಕ್ಕೆ ಹೊಳೆಯದಿದ್ದುದು ಸಹಜವೇ. ರಷ್ಯದ ವಿಜ್ಞಾನಿ ಫೆದ್‌ಚೆಂಕೊ ಸೈಕ್ಲಾಪ್ಸಿನ ಪಾತ್ರವನ್ನು ಗುರುತಿಸಿದುದು 1870ರ ಸುಮಾರಿಗೆ.

ಈ ರೋಗಕ್ಕೆ ಲಸಿಕೆಯಿಲ್ಲ; ಗುಣಪಡಿಸುವ ಔಷಧವೂ ಇಲ್ಲ. ಆದುದರಿಂದ ಚಿಕಿತ್ಸೆ ನಡೆಯಬೇಕಾದುದು ರೋಗಿಗಲ್ಲ, ಬಾವಿಗೆ. 1983-84ರಲ್ಲಿ ಭಾರತ ಸರ್ಕಾರವು ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮವನ್ನು ಕೈಗೊಂಡಾಗ, ರೋಗಪೀಡಿತ ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿದ್ದಿತು. ಮೆಟ್ಟಿಲುಗಳನ್ನು ಮುಚ್ಚಿ, ಸುತ್ತಲೂ ಕಟ್ಟೆ ಕಟ್ಟಿ, ಅವನ್ನು ಸೇದುವ ಬಾವಿಗಳಾಗಿ ಮಾರ್ಪಡಿಸಲಾಯಿತು. ಕೈಪಂಪುಗಳು ಬಂದವು, ಬಟ್ಟೆಯಲ್ಲಿ ನೀರು ಸೋಸುವುದನ್ನು ಮನೆಮನೆಗೂ ಕಲಿಸಲಾಯಿತು, ಸೈಕ್ಲಾಪ್ಸನ್ನು ಕೊಲ್ಲಲು ನೀರಿಗೆ ಟೆಮೆಫಾಸ್ ಬೆರೆಸಲಾಯಿತು. ದೇಶದ ಕೊನೆಯ ಪ್ರಕರಣ 1996ರ ಜುಲೈಯಲ್ಲಿ ರಾಜಸ್ಥಾನದಲ್ಲಿ ವರದಿಯಾಯಿತು. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ನಾರುಹುಣ್ಣಿನಿಂದ ಮುಕ್ತವೆಂದು ಘೋಷಿಸಿತು.

ಬಾವಿ ಕೆಡಲು ಜನರ ಅಶುಚಿಯೇ ಕಾರಣವೆಂದು ಹೇಳಿ ಮುಗಿಸುವುದು ಸುಲಭ. ಆದರೆ ಕೊಡ ಹೊತ್ತು ಮೆಟ್ಟಿಲಿಳಿದವರಿಗೆ ಬೇರೆ ದಾರಿಯೇ ಇರಲಿಲ್ಲ. ಕಾಲು ನೀರನ್ನು ಮುಟ್ಟದೆ ಕೊಡ ತುಂಬದಂತಹ ರಚನೆಯದು. ಆ ರಚನೆ ಬದಲಾದೊಡನೆ ರೋಗದ ಸರಪಳಿಯೂ ಕಡಿಯಿತು. ಇಂದು ಹಳೆಯ ಬಾವಿಗಳ ಜೀರ್ಣೋದ್ಧಾರಕ್ಕೆ ತೊಡಗಿರುವವರು ಈ ಮಾತನ್ನು ಮರೆಯಲಾಗದು. ನಾರುಹುಣ್ಣು ಹೋಯಿತಾದರೂ ತೆರೆದ ನೀರನ್ನು ಕೆಡಿಸುವ ಇತರ ರೋಗಾಣುಗಳು ಹೋಗಿಲ್ಲ. ಶಿಲ್ಪವಾಗಿ ಉಳಿಯಬೇಕಾದ ಬಾವಿಗೆ ಮೆಟ್ಟಿಲಿರಲಿ. ಊರು ನೀರು ಕುಡಿಯುವ ಬಾವಿಗೆ ಕಟ್ಟೆಯಿರಲಿ.