ಕರುಳಿನ ಉರಿಯೂತ: ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾಗಳ ಪಾತ್ರವೇನು?

ವಿಜಯಪುರ: ವಾರಗಟ್ಟಲೆ ನಿಲ್ಲದ ಭೇದಿ, ಮಲದೊಂದಿಗೆ ರಕ್ತ ಮತ್ತು ಲೋಳೆ, ಹೊಟ್ಟೆನೋವು, ತೂಕ ಇಳಿಕೆ. ಇಂತಹ ಲಕ್ಷಣಗಳು ಕಂಡೊಡನೆ ಬಹುತೇಕರು ಮೂಲವ್ಯಾಧಿ ಅಥವಾ ಆಮಶಂಕೆ ಎಂದು ತೀರ್ಮಾನಿಸಿ ಔಷಧಿ ಅಂಗಡಿಯಿಂದ ಮಾತ್ರೆ ತರುತ್ತಾರೆ. ಆದರೆ ಇದು ಕರುಳಿನ ದೀರ್ಘಕಾಲೀನ ಉರಿಯೂತವೂ (ಐಬಿಡಿ) ಆಗಿರಬಹುದು. ತಿಳಿಯದೆ ನುಂಗುವ ಆ್ಯಂಟಿಬಯಾಟಿಕ್ ಮಾತ್ರೆಗಳಿಂದ ರೋಗಪತ್ತೆ ವಿಳಂಬವಾಗುವುದಲ್ಲದೆ, ಕರುಳಿನ ಉಪಕಾರಿ ಬ್ಯಾಕ್ಟೀರಿಯಾಗಳೂ ನಾಶವಾಗುತ್ತವೆ.

ಎರಡು ಬಗೆ

ಐಬಿಡಿಯಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ದೊಡ್ಡ ಕರುಳಿನ ಒಳಪದರದಲ್ಲಿ ಹುಣ್ಣಾಗುವುದು 'ಅಲ್ಸರೇಟಿವ್ ಕೊಲೈಟಿಸ್'. ಜೀರ್ಣಾಂಗದ ಯಾವುದೇ ಭಾಗದಲ್ಲಿ, ಕರುಳಿನ ಗೋಡೆಯ ಆಳದವರೆಗೂ ಉರಿಯೂತ ಹಬ್ಬುವುದು 'ಕ್ರೋನ್ಸ್ ಕಾಯಿಲೆ'. ಅಮೆರಿಕದ ವೈದ್ಯ ಬರಿಲ್ ಕ್ರೋನ್ ಹಾಗೂ ಸಹೋದ್ಯೋಗಿಗಳು 1932ರಲ್ಲಿ ಇದನ್ನು ವಿವರಿಸಿದರು. ಪಾಶ್ಚಾತ್ಯರ ಕಾಯಿಲೆ ಎಂಬ ನಂಬಿಕೆ ಈಗ ಉಳಿದಿಲ್ಲ. ಪಂಜಾಬಿನಲ್ಲಿ ಮನೆಮನೆ ಸಮೀಕ್ಷೆ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನವು, ಪ್ರತಿ ಲಕ್ಷ ಜನರಲ್ಲಿ ಸುಮಾರು 44 ಮಂದಿಗೆ ಅಲ್ಸರೇಟಿವ್ ಕೊಲೈಟಿಸ್ ಇರುವುದನ್ನು ಗುರುತಿಸಿತು.

ಮಿತ್ರರು ಕ್ಷೀಣಿಸಿದಾಗ

ಮನುಷ್ಯನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂದು 2016ರಲ್ಲಿ ಅಂದಾಜಿಸಲಾಯಿತು. ಇವುಗಳಲ್ಲಿ ಬಹುಪಾಲು ದೊಡ್ಡ ಕರುಳಿನಲ್ಲಿವೆ. ನಮಗೆ ಜೀರ್ಣವಾಗದ ನಾರನ್ನು ಇವು ಹುದುಗಿಸಿ 'ಬ್ಯುಟಿರೇಟ್' ಎಂಬ ಕೊಬ್ಬಿನಾಮ್ಲವನ್ನು ತಯಾರಿಸುತ್ತವೆ. ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಇದೇ ಪ್ರಮುಖ ಆಹಾರ. ರೋಗನಿರೋಧಕ ವ್ಯವಸ್ಥೆಯನ್ನು ಹತೋಟಿಯಲ್ಲಿಡುವುದಕ್ಕೂ ಅದು ನೆರವಾಗುತ್ತದೆ.

ಐಬಿಡಿ ರೋಗಿಗಳಲ್ಲಿ ಬ್ಯಾಕ್ಟೀರಿಯಾಗಳ ವೈವಿಧ್ಯ ಕುಗ್ಗಿರುತ್ತದೆ. ಬ್ಯುಟಿರೇಟ್ ತಯಾರಿಸುವ 'ಫೀಕಲಿಬ್ಯಾಕ್ಟೀರಿಯಂ ಪ್ರಾಸ್ನಿಟ್ಜಿ' ಕ್ರೋನ್ಸ್ ರೋಗಿಗಳಲ್ಲಿ ಕಡಿಮೆ ಇರುವುದನ್ನು ಫ್ರಾನ್ಸಿನ ಸಂಶೋಧಕರು 2008ರಲ್ಲಿ ವರದಿ ಮಾಡಿದರು. ಇನ್ನೊಂದೆಡೆ, ಕರುಳಿನ ಕೋಶಗಳಿಗೆ ಅಂಟಿಕೊಂಡು ಒಳನುಗ್ಗುವ ಒಂದು ಬಗೆಯ ಇ-ಕೊಲಿ ಈ ರೋಗಿಗಳಲ್ಲಿ ಹೆಚ್ಚಾಗಿ ಕಂಡುಬಂದಿದೆ. ರಕ್ಷಣೆಯ ಲೋಳೆಪದರ ದುರ್ಬಲವಾದಾಗ ಬ್ಯಾಕ್ಟೀರಿಯಾಗಳು ಗೋಡೆಯನ್ನು ತಲುಪುತ್ತವೆ; ರೋಗನಿರೋಧಕ ವ್ಯವಸ್ಥೆ ಕೆರಳಿ ಉರಿಯೂತ ಮುಂದುವರಿಯುತ್ತದೆ.

ಹಾಗೆಂದು ಒಂದೇ ರೋಗಾಣುವಿನಿಂದ ಬರುವ ಕಾಯಿಲೆ ಇದಲ್ಲ. ವಂಶವಾಹಿ, ಆಹಾರ, ಧೂಮಪಾನ, ಬಾಲ್ಯದಲ್ಲಿ ಅತಿಯಾದ ಆ್ಯಂಟಿಬಯಾಟಿಕ್ ಬಳಕೆ ಇವೆಲ್ಲಕ್ಕೂ ನಂಟಿದೆ. ಬ್ಯಾಕ್ಟೀರಿಯಾಗಳ ಏರುಪೇರು ಕಾಯಿಲೆಗೆ ಎಷ್ಟರಮಟ್ಟಿಗೆ ಕಾರಣ, ಎಷ್ಟರಮಟ್ಟಿಗೆ ಅದರ ಪರಿಣಾಮ ಎಂಬ ಚರ್ಚೆ ಮುಂದುವರಿದಿದೆ. ಇದು ಅಂಟುರೋಗವಂತೂ ಅಲ್ಲ. ರೋಗಿಯ ತಟ್ಟೆ, ಲೋಟ ಬೇರೆ ಇಡುವ ಅಗತ್ಯವಿಲ್ಲ.

ಜೋಳದ ರೊಟ್ಟಿಯ ಊಟ

ಬಬಲೇಶ್ವರ ತಾಲ್ಲೂಕಿನ ಸಾರವಾಡ ಸೇರಿದಂತೆ ಡೋಣಿ ನದಿ ಬಯಲಿನ ಗ್ರಾಮಗಳಲ್ಲಿ ಬಿಳಿಜೋಳದ ರೊಟ್ಟಿ, ಕಾಳುಪಲ್ಯ, ಸೊಪ್ಪು, ಮೊಸರು ನಿತ್ಯದ ಊಟ. ಜೋಳದಲ್ಲಿರುವ ನಾರು ಮತ್ತು ಸುಲಭವಾಗಿ ಜೀರ್ಣವಾಗದ ಪಿಷ್ಟವೇ ಉಪಕಾರಿ ಬ್ಯಾಕ್ಟೀರಿಯಾಗಳ ಆಹಾರ. ನಗರ ಸೇರಿದವರ ತಟ್ಟೆಯಲ್ಲಿ ಮೈದಾ ಹಾಗೂ ಸಂಸ್ಕರಿತ ತಿನಿಸುಗಳು ಹೆಚ್ಚಿದಂತೆ ಈ ಪೂರೈಕೆ ತಗ್ಗುತ್ತದೆ.

ದೆಹಲಿಯ ಏಮ್ಸ್ ವೈದ್ಯರು 2022ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ಗಮನಾರ್ಹ. ಆರೋಗ್ಯವಂತ ಗ್ರಾಮೀಣ ದಾನಿಗಳ ಮಲದಿಂದ ಸಿದ್ಧಪಡಿಸಿದ ದ್ರಾವಣವನ್ನು ವಾರಕ್ಕೊಮ್ಮೆಯಂತೆ 7 ವಾರ ಅಲ್ಸರೇಟಿವ್ ಕೊಲೈಟಿಸ್ ರೋಗಿಗಳ ಕರುಳಿಗೆ ಸೇರಿಸಿ, ಜೊತೆಗೆ ಪಥ್ಯ ನೀಡಲಾಯಿತು. 35 ಮಂದಿಯಲ್ಲಿ 23 ಮಂದಿ ಚೇತರಿಕೆ ತೋರಿದರು. ಸಾಮಾನ್ಯ ಚಿಕಿತ್ಸೆ ಪಡೆದ 31 ಮಂದಿಯಲ್ಲಿ ಚೇತರಿಸಿಕೊಂಡವರು 11 ಮಾತ್ರ. ಫಲಿತಾಂಶ ಆಶಾದಾಯಕವಾದರೂ ಐಬಿಡಿಗೆ ಇದು ಇನ್ನೂ ಸಾಮಾನ್ಯ ಚಿಕಿತ್ಸೆಯಾಗಿಲ್ಲ. ಮನೆಯಲ್ಲಿ ಪ್ರಯತ್ನಿಸುವುದು ಅಪಾಯಕಾರಿ.

ರೋಗಿಗಳು ಗಮನಿಸಬೇಕಾದದ್ದು

* ನಾರು ಎಲ್ಲರಿಗೂ, ಎಲ್ಲ ಕಾಲಕ್ಕೂ ಹಿತವಲ್ಲ. ಕಾಯಿಲೆ ಉಲ್ಬಣಿಸಿದಾಗ ಅಥವಾ ಕರುಳು ಕಿರಿದಾಗಿದ್ದಾಗ ಹಸಿಸೊಪ್ಪು, ಇಡಿ ಕಾಳು, ಶೇಂಗಾ ತೊಂದರೆ ತರಬಹುದು.

* ಅಂಗಡಿಯ ಪ್ರೊಬಯಾಟಿಕ್ ಮಾತ್ರೆ, ಪುಡಿಗಳು ಔಷಧಿಗೆ ಪರ್ಯಾಯವಲ್ಲ.

* ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಉರಿಯೂತದ ಸುಳಿವು ನೀಡುತ್ತದೆ. ಕೊಲೊನೊಸ್ಕೋಪಿ ಮತ್ತು ಬಯಾಪ್ಸಿಯಿಂದ ರೋಗ ಖಚಿತವಾಗುತ್ತದೆ.

* ನಮ್ಮಲ್ಲಿ ಕರುಳಿನ ಕ್ಷಯ ಮತ್ತು ಕ್ರೋನ್ಸ್ ಒಂದೇ ರೀತಿ ಕಾಣುವುದುಂಟು. ಕ್ಷಯವಿರುವಾಗ ಸ್ಟಿರಾಯ್ಡ್ ಕೊಟ್ಟರೆ ಸೋಂಕು ಉಲ್ಬಣಿಸುತ್ತದೆ. ಆದ್ದರಿಂದ ಇವೆರಡರ ವ್ಯತ್ಯಾಸ ಪತ್ತೆಹಚ್ಚುವುದು ನಿರ್ಣಾಯಕ.

* ಹಿತವೆನಿಸಿತೆಂದು ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು. ದೊಡ್ಡ ಕರುಳಿನ ಉರಿಯೂತ ಹಲವು ವರ್ಷ ಉಳಿದರೆ ಕ್ಯಾನ್ಸರ್ ಸಂಭವ ಹೆಚ್ಚುತ್ತದೆ.

ಐಬಿಡಿಯನ್ನು ಬೇರುಸಹಿತ ಕಿತ್ತೊಗೆಯುವ ಔಷಧಿ ಇನ್ನೂ ಇಲ್ಲ. ಆದರೆ ಸಕಾಲದಲ್ಲಿ ಪತ್ತೆಯಾದರೆ ಹತೋಟಿಯಲ್ಲಿಟ್ಟು ಸಹಜ ಜೀವನ ನಡೆಸಬಹುದು. ಮಲದಲ್ಲಿ ರಕ್ತ ಕಂಡು ಎರಡು ವಾರವಾದರೂ ನಿಲ್ಲದಿದ್ದರೆ, ನಾಚಿಕೆ ಬದಿಗಿಟ್ಟು ಜೀರ್ಣಾಂಗ ತಜ್ಞರನ್ನು ಕಾಣುವುದು ಒಳಿತು. ರಕ್ತಸ್ರಾವ ಹೆಚ್ಚಿದ್ದರೆ, ಜೊತೆಗೆ ಜ್ವರವಿದ್ದರೆ ಅಷ್ಟು ದಿನವೂ ಕಾಯಬಾರದು.