ಪಟ್ಟಿಯ ಶುಲ್ಕ, ಕಟ್ಟಿದ ಶುಲ್ಕ

ಅಮೆರಿಕದ ಹೆಸರಾಂತ ಖಾಸಗಿ ಲಿಬರಲ್ ಆರ್ಟ್ಸ್ ಕಾಲೇಜುಗಳಲ್ಲಿ ಊಟ, ವಸತಿ ಸೇರಿ ಒಂದು ವರ್ಷದ ಓದಿಗೆ ಇಂದು 90,000 ಡಾಲರ್ ಆಸುಪಾಸಿನ ಖರ್ಚು ಬರುತ್ತದೆ. ಅಷ್ಟನ್ನೂ ಪೂರ್ತಿಯಾಗಿ ಕಟ್ಟದೆ ಓದುವವರೂ ಅಲ್ಲಿ ಬಹಳ ಮಂದಿ. ಪಟ್ಟಿಯಲ್ಲಿ ಮುದ್ರಿಸಿದ ಶುಲ್ಕ ಒಂದು, ಕೈಯಿಂದ ಹೋಗುವ ಹಣ ಇನ್ನೊಂದು ಎಂಬ ಈ ವ್ಯವಸ್ಥೆ ಈಚಿನದಲ್ಲ, ಈ ಕಾಲೇಜುಗಳು ಹುಟ್ಟಿದಾಗಿನಿಂದಲೂ ಇದೆ. ಬದಲಾದದ್ದು ರಿಯಾಯಿತಿ ಯಾರಿಗೆ ಸಲ್ಲಬೇಕೆಂಬ ಲೆಕ್ಕ. ಮೊದಲು ದೈವಭಕ್ತನಿಗೆ, ಆಮೇಲೆ ಜಾಣನಿಗೆ, ಮುಂದೆ ಬಡವನಿಗೆ, ಈಗ ಹಲವೆಡೆ ಕಾಲೇಜು ತನ್ನತ್ತ ಸೆಳೆಯಬಯಸುವ ಯಾರಿಗಾದರೂ ಅದು ಸಿಗುತ್ತದೆ.

ಮೊದಲ ಮಾದರಿ ಹಾರ್ವರ್ಡ್. ಅದು ಆಗ ವಿಶ್ವವಿದ್ಯಾಲಯವಲ್ಲ, 1636ರಲ್ಲಿ ಸ್ಥಾಪನೆಯಾದ ಪುಟ್ಟ ಕಾಲೇಜು. ಸಿಸೆರೊನಂಥ ಲೇಖಕನ ಲ್ಯಾಟಿನ್ನನ್ನು ಕೊಟ್ಟ ಕೂಡಲೇ ಓದಿ ಅರ್ಥ ಹೇಳಬಲ್ಲ, ಅದೇ ಭಾಷೆಯಲ್ಲಿ ಗದ್ಯ-ಪದ್ಯ ಕಟ್ಟಬಲ್ಲ, ಗ್ರೀಕ್ ನಾಮಪದ, ಕ್ರಿಯಾಪದಗಳ ರೂಪಗಳನ್ನು ತಪ್ಪಿಲ್ಲದೆ ಒಪ್ಪಿಸಬಲ್ಲ ಹುಡುಗನಿಗಷ್ಟೇ ಅಲ್ಲಿ ಪ್ರವೇಶ. ಗಣಿತವನ್ನು ಯಾರೂ ಕೇಳುತ್ತಿರಲಿಲ್ಲ. ಯೇಲ್ ಕಾಲೇಜು 1745ರಲ್ಲಿ ಅಂಕಗಣಿತವನ್ನು ಸೇರಿಸಿದ್ದೇ ದೊಡ್ಡ ಬದಲಾವಣೆ. ಹಳ್ಳಿಯಲ್ಲಿ ಲ್ಯಾಟಿನ್ ಬಲ್ಲವನು ಹೆಚ್ಚಾಗಿ ಚರ್ಚಿನ ಪಾದ್ರಿ ಒಬ್ಬನೇ, ಅವನ ಬಳಿ ವರ್ಷಗಟ್ಟಲೆ ಪಾಠ ಹೇಳಿಸಿಕೊಳ್ಳಲು ಹುಡುಗನಿಗೆ ಬಿಡುವು ಬೇಕು. ಹೀಗಾಗಿ ಶುಲ್ಕದ ಮಾತು ಬರುವ ಮೊದಲೇ ಭಾಷೆಯ ಜರಡಿ ಬಹುಪಾಲು ಜನರನ್ನು ಹೊರಗಿಟ್ಟಿತ್ತು. ಒಳಗೆ ಬಂದವರು ಶುಲ್ಕವನ್ನು ನಾಣ್ಯದಲ್ಲೇ ಕೊಡಬೇಕೆಂದಿರಲಿಲ್ಲ. ಗೋಧಿ, ಬೆಣ್ಣೆ, ಕುರಿ, ದನ ಎಲ್ಲವೂ ಹಾರ್ವರ್ಡಿನ ಉಗ್ರಾಣದ ಲೆಕ್ಕಪುಸ್ತಕದಲ್ಲಿ ಜಮೆಯಾಗಿವೆ. 1643ರಲ್ಲಿ ಲಂಡನ್ನಿನ ಲೇಡಿ ಮೌಲ್ಸನ್ ಬಡ ವಿದ್ಯಾರ್ಥಿಯೊಬ್ಬನ ಓದಿಗೆಂದು 100 ಪೌಂಡ್ ದತ್ತಿ ಇಟ್ಟಳು. ಅಮೆರಿಕದ ಕಾಲೇಜು ವಿದ್ಯಾರ್ಥಿವೇತನದ ಇತಿಹಾಸ ಅಲ್ಲಿಂದ ಶುರುವಾಗುತ್ತದೆ.

ದತ್ತಿಯೇ ಅಡಿಪಾಯವಾಗಿ ಎದ್ದ ಕಾಲೇಜು ಮ್ಯಾಸಚೂಸೆಟ್ಸಿನ ಆಮ್‌ಹರ್ಸ್ಟ್. ನಿಘಂಟುಕಾರ ನೋವಾ ವೆಬ್‌ಸ್ಟರ್ ಅದರ ಸ್ಥಾಪಕರಲ್ಲೊಬ್ಬ. ಕಟ್ಟಡಕ್ಕಿಂತ ಮೊದಲು ಅಲ್ಲಿ ನಿಂತದ್ದು 50,000 ಡಾಲರಿನ ಧರ್ಮನಿಧಿ. ಅದರ ಕರಾರು ಖಚಿತವಾಗಿತ್ತು: ಬರುವ ಬಡ್ಡಿಯ ಆರರಲ್ಲಿ ಐದು ಪಾಲು ಪಾದ್ರಿಗಳಾಗಲು ಬಯಸುವ ಬಡ, ಭಕ್ತ, ಪ್ರತಿಭಾವಂತ ಯುವಕರ ಓದಿಗೆ, ಉಳಿದ ಒಂದು ಪಾಲು ಎಂದೆಂದಿಗೂ ಅಸಲಿಗೆ. ಮೊದಲ ಕಟ್ಟಡಕ್ಕೆ ಸುತ್ತಲಿನ ರೈತರು ಕಲ್ಲು, ಸುಣ್ಣ, ಮರ ಕೊಟ್ಟದ್ದಲ್ಲದೆ ಮೈಮುರಿದು ದುಡಿದರು. 1821ರ ಸೆಪ್ಟೆಂಬರಿನಲ್ಲಿ 47 ವಿದ್ಯಾರ್ಥಿಗಳೊಂದಿಗೆ ಪಾಠ ಆರಂಭವಾಯಿತು. ಅವರಲ್ಲಿ 15 ಮಂದಿ ಪಕ್ಕದ ವಿಲಿಯಮ್ಸ್ ಕಾಲೇಜಿನಿಂದ ಅಲ್ಲಿನ ಅಧ್ಯಕ್ಷ ಜೆಫನಾಯಾ ಸ್ವಿಫ್ಟ್ ಮೂರ್ ಅವರ ಬೆನ್ನಿಗೇ ಬಂದವರು. ಈ ನಿಧಿ ನಿಜವೋ ಕಾಗದದ ಮೇಲಿನದೋ ಎಂಬ ಅನುಮಾನ ವಿರೋಧಿಗಳಿಗಿತ್ತು. ರಾಜ್ಯದ ಶಾಸನಸಭೆ ಸಮಿತಿ ಕಳಿಸಿ ಲೆಕ್ಕ ನೋಡಿಸಿತು. ಮಾನ್ಯತೆಯ ಸನದು ಸಿಕ್ಕಿದ್ದು 1825ರಲ್ಲಿ.

ನ್ಯೂ ಇಂಗ್ಲೆಂಡಿನ ಇಂಥ ಗುಡ್ಡಗಾಡಿನ ಕಾಲೇಜುಗಳಿಗೆ ಬಂದವರಲ್ಲಿ ಇಪ್ಪತ್ತೈದರ ಹತ್ತಿರದ ರೈತರ ಮಕ್ಕಳೂ ಇದ್ದರು. ಚಳಿಗಾಲದಲ್ಲಿ ಕಾಲೇಜು ದೀರ್ಘ ರಜೆ ಕೊಡುತ್ತಿತ್ತು. ಆ ಅವಧಿಯಲ್ಲಿ ಅವರು ಹಳ್ಳಿಶಾಲೆಗಳಲ್ಲಿ ಮೇಷ್ಟ್ರಾಗಿ ದುಡಿದು, ಮುಂದಿನ ಅವಧಿಯ ಶುಲ್ಕ ಜೋಡಿಸಿಕೊಂಡು ಹಿಂತಿರುಗುತ್ತಿದ್ದರು. ಚರ್ಚಿನ ಮಹಿಳಾ ಸಂಘಗಳು ಅಂಗಿ, ಕಾಲುಚೀಲ ಹೊಲಿದು ಕಳಿಸುತ್ತಿದ್ದವು. ವಾರಾನ್ನ ಉಂಡು ಓದಿದ ಹಳೇ ಮೈಸೂರಿನ ಹುಡುಗರ ಸ್ಥಿತಿಗೂ ಇವರದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಬಾಸ್ಟನ್ನಿನಲ್ಲಿ 1815ರಲ್ಲಿ ಹುಟ್ಟಿದ ಅಮೆರಿಕನ್ ಎಜುಕೇಶನ್ ಸೊಸೈಟಿ ಮೊದಲು ದಾನವಾಗಿ ಹಣ ಕೊಟ್ಟು, ಕೆಲವೇ ವರ್ಷಗಳಲ್ಲಿ ಅದನ್ನು ಸಾಲಕ್ಕೆ ತಿರುಗಿಸಿತು. ಪುಕ್ಕಟೆ ಹಣ ಹುಡುಗರನ್ನು ಕೆಡಿಸುತ್ತದೆ ಎಂಬ ವಾದ ಅಮೆರಿಕದ ವಿದ್ಯಾರ್ಥಿ ಸಹಾಯದ ಚರ್ಚೆಯಲ್ಲಿ ಅಂದಿನಿಂದ ಮತ್ತೆ ಮತ್ತೆ ಕೇಳಿಬರುತ್ತಲೇ ಇದೆ.

ದಾನವೂ ಬೇಡ, ಸಾಲವೂ ಬೇಡ, ದುಡಿಮೆಯಿಂದಲೇ ಖರ್ಚು ತಗ್ಗಿಸೋಣ ಎಂದವರೂ ಇದ್ದರು. ಮೇರಿ ಲಯನ್ 1837ರಲ್ಲಿ ತೆರೆದ ಮೌಂಟ್ ಹೋಲಿಯೋಕ್ ಮಹಿಳಾ ವಿದ್ಯಾಲಯದಲ್ಲಿ ಅಡುಗೆ, ಒಗೆತ, ಗುಡಿಸುವ ಕೆಲಸವನ್ನೆಲ್ಲ ವಿದ್ಯಾರ್ಥಿನಿಯರೇ ಹಂಚಿಕೊಳ್ಳುತ್ತಿದ್ದರು. ಆಳುಗಳ ಸಂಬಳ ಉಳಿದು ಊಟ-ವಸತಿ ಸಹಿತ ವಾರ್ಷಿಕ ಶುಲ್ಕ 60 ಡಾಲರಿಗೆ ಇಳಿಯಿತು. ಶಿಕ್ಷಕಿಯರ ಸಂಬಳವೂ ಕಡಿಮೆಯೇ ಇತ್ತೆಂಬುದನ್ನು ಈ ಮಿತವ್ಯಯವನ್ನು ಹೊಗಳುವವರು ಮರೆಯುವುದುಂಟು. ಓಹಾಯೊದ ಓಬರ್ಲಿನ್ 1833ರಲ್ಲಿ ದಿನಕ್ಕೆ ನಾಲ್ಕು ಗಂಟೆ ಮೈದುಡಿಮೆಯ ನಿಯಮದೊಂದಿಗೆ ಶುರುವಾಯಿತು. ಆ ನಿಯಮ ಬಹುಕಾಲ ಬಾಳಲಿಲ್ಲ. 1835ರಲ್ಲಿ ಕರಿಯರಿಗೂ 1837ರಲ್ಲಿ ಮಹಿಳೆಯರಿಗೂ ಬಾಗಿಲು ತೆರೆದ ಅದರ ನಿರ್ಧಾರ ಮಾತ್ರ ಉಳಿಯಿತು.

ದುಡಿಮೆಯ ಮಾದರಿ ಇಂದಿಗೂ ಬದುಕಿರುವುದು ಕೆಂಟಕಿಯ ಬೆರಿಯಾ ಕಾಲೇಜಿನಲ್ಲಿ. ಗುಲಾಮಗಿರಿಯ ವಿರೋಧಿ ಜಾನ್ ಫೀ 1855ರಲ್ಲಿ ಕಟ್ಟಿದ ಈ ಸಂಸ್ಥೆ 1892ರಿಂದ ಬೋಧನಾ ಶುಲ್ಕ ಪಡೆದಿಲ್ಲ. ಪ್ರತಿ ವಿದ್ಯಾರ್ಥಿಯೂ ವಾರಕ್ಕೆ ಕನಿಷ್ಠ ಹತ್ತು ಗಂಟೆ ಕೆಲಸ ಮಾಡಬೇಕು. ಕಚೇರಿ, ಅಡುಗೆಮನೆ, ತೋಟ, ಮಗ್ಗ ಇವುಗಳ ಜತೆ ಪೊರಕೆ ಕಟ್ಟುವ ಕಾರ್ಯಾಗಾರವೂ ಇದೆ. ಅಲ್ಲಿನ ಪೊರಕೆಗಳಿಗೆ ಒಳ್ಳೆಯ ಗಿರಾಕಿ. ಉಳಿದ ಕಾಲೇಜುಗಳಲ್ಲಿ ಬಡತನ ಪ್ರವೇಶಕ್ಕೆ ತೊಡಕಾದರೆ ಇಲ್ಲಿ ಅದೇ ಅರ್ಹತೆ, ಉಳ್ಳವರ ಮಕ್ಕಳಿಗೆ ಸೀಟಿಲ್ಲ. ಕರಿಯರು, ಬಿಳಿಯರು ಒಟ್ಟಿಗೆ ಓದುವುದನ್ನು ನಿಷೇಧಿಸಿ ಕೆಂಟಕಿ 1904ರಲ್ಲಿ ಕಾಯ್ದೆ ತಂದಾಗ ಬೆರಿಯಾ ಸುಪ್ರೀಂ ಕೋರ್ಟಿನವರೆಗೆ ಹೋಗಿ 1908ರಲ್ಲಿ ಸೋತಿತು. ಕರಿಯ ವಿದ್ಯಾರ್ಥಿಗಳು ಮರಳಲು ಕಾಯ್ದೆ 1950ರಲ್ಲಿ ತಿದ್ದುಪಡಿಯಾಗಬೇಕಾಯಿತು.

ಹತ್ತೊಂಬತ್ತನೆಯ ಶತಮಾನದ ನಡುವೆ ಹಣವಿಲ್ಲದ ಕಾಲೇಜುಗಳು ಒಂದು ಅಪಾಯದ ಆಟವನ್ನೂ ಆಡಿದವು. ಒಮ್ಮೆ ಸುಮಾರು 500 ಡಾಲರ್ ಕೊಟ್ಟವರಿಗೆ ತಲೆತಲಾಂತರಕ್ಕೂ ಒಬ್ಬ ವಿದ್ಯಾರ್ಥಿಯನ್ನು ಉಚಿತವಾಗಿ ಓದಿಸುವ ಹಕ್ಕನ್ನು ಮಾರಿದವು. ಬಂದ ಹಣ ಬೇಗ ಕರಗಿತು, ಉಚಿತ ವಿದ್ಯಾರ್ಥಿಗಳು ವರ್ಷವರ್ಷವೂ ಬರುತ್ತಲೇ ಇದ್ದರು.

ಪ್ರವೇಶ ಪರೀಕ್ಷೆಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಒಂದೊಂದು ಕಾಲೇಜಿಗೆ ಒಂದೊಂದು ಪದ್ಧತಿ. ಈ ಗೊಂದಲ ನೀಗಲು 1900ರಲ್ಲಿ ಕಾಲೇಜ್ ಬೋರ್ಡ್ ಹುಟ್ಟಿತು. ಮರುವರ್ಷದ ಮೊದಲ ಪರೀಕ್ಷೆಗೆ 973 ಮಂದಿ ಕುಳಿತರು. 1926ರಲ್ಲಿ ಎಸ್‌ಎಟಿ ಎಂಬ ಪರೀಕ್ಷೆ ಬಂತು. ಲ್ಯಾಟಿನ್ ಹಿಂದೆ ಸರಿದು ಬುದ್ಧಿಶಕ್ತಿಯನ್ನು ಅಳೆಯುವ ಪ್ರಶ್ನೆಗಳು ಮುಂದೆ ಬಂದದ್ದು ಸಾಮಾನ್ಯ ಶಾಲೆಗಳ ಹುಡುಗರಿಗೆ ಅನುಕೂಲವೇ ಆಯಿತು. ಆದರೆ ಅದೇ 1920ರ ದಶಕದಲ್ಲಿ ಪೂರ್ವ ಕರಾವಳಿಯ ಕಾಲೇಜುಗಳು ಅರ್ಜಿಯ ಜತೆ ಭಾವಚಿತ್ರ, ಶಿಫಾರಸು, ಸಂದರ್ಶನ, ಗುಣನಡತೆಯ ವಿವರಗಳನ್ನೂ ಕೇಳತೊಡಗಿದವು. ಅಂಕಗಳಲ್ಲಿ ಮುಂದಿದ್ದ ಯಹೂದಿ ಹುಡುಗರ ಸಂಖ್ಯೆಯನ್ನು ಸದ್ದಿಲ್ಲದೆ ತಗ್ಗಿಸುವುದು ಇದರ ಮುಖ್ಯ ಉದ್ದೇಶಗಳಲ್ಲೊಂದು. ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಆದ್ಯತೆ ಕೊಡುವ ರೂಢಿ ಗಟ್ಟಿಯಾದದ್ದೂ ಆಗಲೇ. ಇಂದು ಸಮಗ್ರ ಮೌಲ್ಯಮಾಪನ ಎಂದು ಕರೆಯುವ ಪದ್ಧತಿಯ ಬೇರು ಅಷ್ಟೇನೂ ಶುದ್ಧವಲ್ಲ.

ಎರಡನೆಯ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ 1944ರ ಕಾಯ್ದೆಯಡಿ ಸರ್ಕಾರ ವರ್ಷಕ್ಕೆ 500 ಡಾಲರಿನವರೆಗೆ ಶುಲ್ಕ ಭರಿಸಿತು. ದುಬಾರಿ ಖಾಸಗಿ ಕಾಲೇಜಿಗೂ ಅದು ಆಗ ಸಾಕಾಗುತ್ತಿತ್ತು. ಅವರ ಸಂಖ್ಯೆ ಇಳಿಯುತ್ತಿದ್ದಂತೆ ಜಾಣ ಹುಡುಗರಿಗಾಗಿ ಕಾಲೇಜುಗಳ ನಡುವೆ ಹರಾಜೇ ನಡೆಯಿತು. ಇದನ್ನು ತಡೆಯಲು 1954ರಲ್ಲಿ ಕಾಲೇಜ್ ಸ್ಕಾಲರ್‌ಶಿಪ್ ಸರ್ವಿಸ್ ಸ್ಥಾಪನೆಯಾಯಿತು. ಅದರ ಹಿಂದಿನ ಸೂತ್ರ ರೂಪಿಸಿದವನು ಹಾರ್ವರ್ಡಿನ ಜಾನ್ ಮನ್ರೊ. ತಂದೆ-ತಾಯಿಯ ಆದಾಯದಲ್ಲಿ ತೆರಿಗೆ, ಮನೆಖರ್ಚು ಕಳೆಯಬೇಕು. ಉಳಿತಾಯ, ಮನೆಯ ಬೆಲೆ, ಇತರ ಮಕ್ಕಳ ಓದನ್ನು ಪರಿಗಣಿಸಬೇಕು. ಕುಟುಂಬ ಭರಿಸಬಲ್ಲ ಮೊತ್ತ ಆಗ ತಿಳಿಯುತ್ತದೆ. ಒಟ್ಟು ವೆಚ್ಚದಲ್ಲಿ ಅದನ್ನು ಕಳೆದರೆ ಸಿಗುವುದೇ ವಿದ್ಯಾರ್ಥಿಯ ಅಗತ್ಯ. ಆ ಕೊರತೆಯನ್ನು ಅನುದಾನ, ಸಾಲ, ಕ್ಯಾಂಪಸ್ಸಿನಲ್ಲಿ ಕೆಲಸ ಈ ಮೂರರಿಂದ ತುಂಬುವ ಕ್ರಮ ಬಂದದ್ದು ಹೀಗೆ. 1965ರ ಉನ್ನತ ಶಿಕ್ಷಣ ಕಾಯ್ದೆ ಸರ್ಕಾರಿ ಖಾತರಿಯ ಸಾಲಗಳನ್ನೂ, 1972ರ ತಿದ್ದುಪಡಿ ಮುಂದೆ ಪೆಲ್ ಅನುದಾನ ಎನಿಸಿಕೊಂಡ ಬಡ ವಿದ್ಯಾರ್ಥಿಗಳ ನೆರವನ್ನೂ ತಂದವು.

ಆಮ್‌ಹರ್ಸ್ಟ್, ವಿಲಿಯಮ್ಸ್, ಸ್ಮಿತ್, ವೆಲ್ಸ್‌ಲಿ ಸೇರಿದಂತೆ 23 ಸಂಸ್ಥೆಗಳ ಅಧಿಕಾರಿಗಳು ಹಳೆಯ ಹರಾಜು ಮರಳದಂತೆ ಪ್ರತಿ ವಸಂತದಲ್ಲಿ ಒಂದೆಡೆ ಕೂರುತ್ತಿದ್ದರು. ಒಂದಕ್ಕಿಂತ ಹೆಚ್ಚು ಕಡೆ ಸೀಟು ಸಿಕ್ಕ ವಿದ್ಯಾರ್ಥಿಗಳ ಹೆಸರು ಹಿಡಿದು, ಯಾರಿಗೆ ಎಷ್ಟು ನೆರವೆಂದು ಹೊಂದಿಸಿಕೊಳ್ಳುತ್ತಿದ್ದರು. ಸರ್ಕಾರದ ಕಣ್ಣಿಗೆ ಇದು ಬೆಲೆ ನಿಗದಿಯ ಒಳಒಪ್ಪಂದವಾಗಿ ಕಂಡಿತು. 1991ರಲ್ಲಿ ಅವುಗಳ ಪೈಕಿ ಐವಿ ಲೀಗಿನ ಎಂಟು ಸಂಸ್ಥೆಗಳ ಹಾಗೂ ಎಂಐಟಿಯ ಮೇಲೆ ಮೊಕದ್ದಮೆ ಬಿದ್ದು ಆ ಸಭೆಗಳು ನಿಂತವು. ಹಾಗೆ ಉಳಿಸಿದ ಹಣ ಬಡವರಿಗೆ ಹೋಗುತ್ತಿತ್ತೆಂಬ ಕಾಲೇಜುಗಳ ಸಮರ್ಥನೆಯನ್ನು ಸುಳ್ಳೆಂದು ತಳ್ಳಿಹಾಕುವಂತಿರಲಿಲ್ಲ.

ಶ್ರೀಮಂತ ನಿಧಿಯಿಲ್ಲದ ಸಣ್ಣ ಕಾಲೇಜುಗಳು ಬೇರೆ ದಾರಿ ಹಿಡಿದವು. ಶುಲ್ಕವನ್ನು ಏರಿಸಿ, ಏರಿಸಿದ್ದರಲ್ಲಿ ದೊಡ್ಡ ಪಾಲನ್ನು ಪ್ರತಿಭಾ ವಿದ್ಯಾರ್ಥಿವೇತನದ ಹೆಸರಿನಲ್ಲಿ ಬಿಟ್ಟುಕೊಟ್ಟವು. ಈಚಿನ ವರ್ಷಗಳಲ್ಲಿ ಖಾಸಗಿ ಕಾಲೇಜುಗಳು ಹೊಸಬರಿಗೆ ಕೊಡುವ ರಿಯಾಯಿತಿ ಸರಾಸರಿ ಅರ್ಧಕ್ಕೂ ಹೆಚ್ಚು. ಪಟ್ಟಿ ನೋಡಿಯೇ ಬೆದರಿ ಅರ್ಜಿ ಹಾಕದವರಿಗೆ ಇದು ತಿಳಿಯುವುದಿಲ್ಲ. ಸೇಂಟ್ ಜಾನ್ಸ್ ಕಾಲೇಜು 2018ರಲ್ಲಿ ಈ ನಾಟಕವೇ ಬೇಡವೆಂದು ತನ್ನ ಬೋಧನಾ ಶುಲ್ಕವನ್ನು ಸುಮಾರು 52,000 ಡಾಲರಿನಿಂದ 35,000ಕ್ಕೆ ಇಳಿಸುವುದಾಗಿ ಪ್ರಕಟಿಸಿತು.

ಹಣವಿದ್ದ ಕಾಲೇಜುಗಳು ಸಾಲವನ್ನೇ ಕೈಬಿಟ್ಟವು. ಡೇವಿಡ್‌ಸನ್ 2007ರಲ್ಲಿ ಲಿಬರಲ್ ಆರ್ಟ್ಸ್ ಕಾಲೇಜುಗಳ ಪೈಕಿ ಮೊದಲ ಹೆಜ್ಜೆ ಇಟ್ಟಿತು. ಆಮ್‌ಹರ್ಸ್ಟ್ ಮರುವರ್ಷ ಹಿಂಬಾಲಿಸಿತು. ವಿಲಿಯಮ್ಸ್ ಒಮ್ಮೆ ಸಾಲ ತೆಗೆದು, ಆರ್ಥಿಕ ಮುಗ್ಗಟ್ಟಿನ ನಂತರ ಮತ್ತೆ ತಂದು, 2022ರಲ್ಲಿ ಸಾಲದ ಜತೆ ಕ್ಯಾಂಪಸ್ ದುಡಿಮೆಯ ಕಡ್ಡಾಯವನ್ನೂ ತೆಗೆಯಿತು. ಪ್ರವೇಶದ ನಿಯಮಗಳೂ ಸಡಿಲಗೊಂಡವು. ಮೇಯ್ನ್ ರಾಜ್ಯದ ಬೌಡನ್ 1969ರಲ್ಲೇ ಎಸ್‌ಎಟಿ ಕಡ್ಡಾಯವಲ್ಲ ಎಂದಿತ್ತು. ಹಳೆಯ ವಿದ್ಯಾರ್ಥಿಗಳ ಮಕ್ಕಳಿಗಿದ್ದ ಆದ್ಯತೆಯನ್ನು ಆಮ್‌ಹರ್ಸ್ಟ್ 2021ರಲ್ಲಿ ರದ್ದು ಮಾಡಿತು. ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸಬಾರದೆಂದು ಸುಪ್ರೀಂ ಕೋರ್ಟ್ 2023ರಲ್ಲಿ ತೀರ್ಪಿತ್ತ ಮರುವರ್ಷ ಆಮ್‌ಹರ್ಸ್ಟಿಗೆ ಸೇರಿದವರಲ್ಲಿ ಕರಿಯರ ಪಾಲು ಶೇ. 11ರಿಂದ ಶೇ. 3ಕ್ಕೆ ಕುಸಿಯಿತು.

ಹೊರದೇಶದ ವಿದ್ಯಾರ್ಥಿಗಳಿಗೆ ಪೆಲ್ ಅನುದಾನವಾಗಲಿ ಸರ್ಕಾರಿ ಸಾಲವಾಗಲಿ ಸಿಗುವುದಿಲ್ಲ. ಬೆಂಗಳೂರಿನಿಂದ ಅರ್ಜಿ ಹಾಕುವ ಕುಟುಂಬವೂ ತನ್ನ ಆದಾಯ, ಉಳಿತಾಯ, ಆಸ್ತಿಯ ವಿವರವನ್ನು 1954ರ ಸೂತ್ರದ ವಂಶಕ್ಕೆ ಸೇರಿದ ಸಿಎಸ್‌ಎಸ್ ಪ್ರೊಫೈಲ್ ಎಂಬ ನಮೂನೆಯಲ್ಲೇ ತುಂಬುತ್ತದೆ. ನೆರವು ಕೇಳಿದರೆ ಸೀಟು ಸಿಗುವ ಸಾಧ್ಯತೆಯೇ ತಗ್ಗುವ ಕಾಲೇಜುಗಳು ಹೆಚ್ಚು. ವಿದೇಶಿಯರ ಅರ್ಜಿಯನ್ನೂ ಹಣದ ಸ್ಥಿತಿ ನೋಡದೆ ಪರಿಶೀಲಿಸುವ ಕಾಲೇಜುಗಳು ಬೆರಳೆಣಿಕೆಯಷ್ಟು, ಆಮ್‌ಹರ್ಸ್ಟ್ ಅವುಗಳಲ್ಲೊಂದು.