ವಾಲಿಯ ಮರಣ: ಕುಂಬಳೆ ಸೀಮೆಯ ಗೇಯನಾಟಕದಲ್ಲಿ ದುರಂತ

ಇಂದು ಮಂಜೇಶ್ವರ ತಾಲೂಕಿಗೆ ಸೇರಿರುವ ಕುಂಬಳೆಯು ತೆಂಕುತಿಟ್ಟಿನ, ಎಂದರೆ ದಕ್ಷಿಣದ ಸಂಪ್ರದಾಯದ, ಯಕ್ಷಗಾನಕ್ಕೆ ತವರೆನಿಸಿಕೊಂಡದ್ದು ಪಾರ್ತಿಸುಬ್ಬನಿಂದ. ಅಲ್ಲಿನ ಕಣಿಪುರದ ಗೋಪಾಲಕೃಷ್ಣನನ್ನು ಕಣ್ವಪುರದ ಕೃಷ್ಣನೆಂದು ಸ್ತುತಿಸಿದ ಈ ಕವಿಯ ಕಾಲ, ಕರ್ತೃತ್ವಗಳ ಬಗ್ಗೆ ಮುಳಿಯ ತಿಮ್ಮಪ್ಪಯ್ಯ, ಶಿವರಾಮ ಕಾರಂತ, ಕುಕ್ಕಿಲ ಕೃಷ್ಣ ಭಟ್ಟ ಮೊದಲಾದ ವಿದ್ವಾಂಸರು ಬಗೆಬಗೆಯಾಗಿ ವಾದಿಸಿದ್ದರೂ, ತೊರವೆ ರಾಮಾಯಣದ ಕಥೆಯನ್ನು ಹಾಡಿಗೆ ಒಗ್ಗಿಸಿದ ರಾಮಾಯಣ ಪ್ರಸಂಗಗಳು ಜನರ ನಾಲಗೆಯಲ್ಲಿ ಅವನ ಹೆಸರಿನಿಂದಲೇ ನಿಂತಿವೆ.

ಅವುಗಳಲ್ಲಿ ದುರಂತದ ಭಾರ ಹೆಚ್ಚು ಬಿದ್ದಿರುವುದು ವಾಲಿವಧೆಯ ಮೇಲೆ. ಮರೆಯಿಂದ ಬಂದ ಬಾಣಕ್ಕೆ ಕೆಡೆದ ವಾಲಿ, ತನಗೂ ರಾಮನಿಗೂ ಹಗೆಯೇ ಇರಲಿಲ್ಲವಲ್ಲ, ಸೀತೆಯನ್ನು ತರುವ ಕೆಲಸ ತನಗೇ ಒಪ್ಪಿಸಬಹುದಿತ್ತಲ್ಲ ಎಂದು ಕೇಳುವಾಗ, ದೇವರೆಂದು ನಂಬಿದವನೇ ಉತ್ತರ ಹೇಳಬೇಕಾದ ಸ್ಥಿತಿಗೆ ಬರುತ್ತಾನೆ. ಮರಣವನ್ನು ರಂಗದ ಮೇಲೆ ತೋರಿಸಬಾರದೆಂಬ ನಾಟ್ಯಶಾಸ್ತ್ರಕಾರರ ಕಟ್ಟಳೆಯನ್ನು ಭಾಸನ ‘ಅಭಿಷೇಕ’ ನಾಟಕ ಇದೇ ವಾಲಿಗಾಗಿ ಮೀರಿತ್ತು. ಕೇರಳದ ಸಂಸ್ಕೃತ ರಂಗಕಲೆ ಕೂಡಿಯಾಟ್ಟಂ ಆ ನಾಟಕದ ವಾಲಿವಧೆಯ ಅಂಕವನ್ನು ಇಂದಿಗೂ ಉಳಿಸಿಕೊಂಡಿದೆ.

ಹಾಡಿನಲ್ಲೇ ನಡೆಯುವ ದುರಂತ ಬೇರೆಡೆಯೂ ಇದೆ: 1838ರಲ್ಲಿ ವೆನಿಸಿನಲ್ಲಿ ಮೊದಲ ಪ್ರಯೋಗ ಕಂಡು, ಈಗ ಅಪರೂಪವಾಗಿ ರಂಗವೇರುವ ಇಟಲಿಯ ಸಂಗೀತ ರಚನಕಾರ ಡೊನಿಜೆಟ್ಟಿಯ ದುರಂತ ಒಪೆರಾ ‘ಮರಿಯಾ ದೆ ರುಡೆನ್ಜ್’ ಕೂಡ ನಾಯಕಿಯ ಸಾವಿನಲ್ಲೇ ಮುಗಿಯುತ್ತದೆ. ಆದರೆ ಒಪೆರಾದಲ್ಲಿ, ಎಂದರೆ ಆದ್ಯಂತ ವಾದ್ಯವೃಂದದೊಡನೆ ಹಾಡಿ ನಡೆಸುವ ಇಟಲಿಯ ನಾಟಕದಲ್ಲಿ, ಸಾಯುವವಳ ಕೊನೆಯ ಸ್ವರದವರೆಗೆ ಸಂಗೀತ ರಚನಕಾರನೇ ಬರೆದಿಟ್ಟಿರುತ್ತಾನೆ. ಯಕ್ಷಗಾನದ ಪ್ರಸಂಗದಲ್ಲಿ ಇರುವುದು ರಾಗ, ತಾಳಗಳ ಹೆಸರನ್ನು ಹೊತ್ತ ಪದಗಳು ಮತ್ತು ನಡುನಡುವೆ ಕಂದ, ಭಾಮಿನಿ, ವಾರ್ಧಕ ಮೊದಲಾದ ಛಂದಸ್ಸುಗಳ ಪದ್ಯಗಳು ಮಾತ್ರ. ಭಾಗವತ, ಎಂದರೆ ಹಾಡುಗಾರ, ಪದವನ್ನು ಹಾಡಿದ ಮೇಲೆ ಪಾತ್ರಧಾರಿ ಆಡುವ ‘ಅರ್ಥ’ ಎಂಬ ಆಶುಮಾತಿನಲ್ಲಿ ವಾಲಿಯ ನೋವೂ ನ್ಯಾಯವೂ ರೂಪ ತಾಳಬೇಕು.

ವೇಷ, ಕುಣಿತಗಳಿಲ್ಲದೆ ಕುಳಿತೇ ನಡೆಸುವ ತಾಳಮದ್ದಲೆಯಲ್ಲಂತೂ ಆ ಮಾತೇ ಸರ್ವಸ್ವ. ಮಂಜೇಶ್ವರ ತಾಲೂಕಿನದೇ ಆದ ಶೇಣಿ ಎಂಬ ಊರಿನ ಹೆಸರಿನಿಂದ ಪ್ರಸಿದ್ಧರಾದ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿ ಈ ದಾರಿಯಲ್ಲಿ ಬೆಳೆದ ಪಾತ್ರ. ಬಿದ್ದವನ ಪ್ರಶ್ನೆಗಳನ್ನು ಅಂಥ ಅರ್ಥಧಾರಿ ಬಿಡದೆ ಎತ್ತಿದಾಗ ಎದುರು ಕುಳಿತ ರಾಮನಿಗೆ ಸಿದ್ಧ ಉತ್ತರಗಳು ಸಾಲುತ್ತಿರಲಿಲ್ಲ, ಮತ್ತು ಕೊನೆಗೆ ಭಾಗವತ ಮಂಗಳ ಹಾಡಿದರೂ ಆ ಪ್ರಶ್ನೆಗಳು ಕೇಳಿದವರ ಜತೆಯಲ್ಲೇ ಮನೆಗೆ ಹೋಗುತ್ತಿದ್ದವು.